ನಮ್ಮಂಗಡಿಗ್ಯಾಕೆ ಬರ್ತಾನ್ರೀ ಹ್ಯಾಕರ್ರು?

ಸಿಂಧನೂರಿನ ರೈಸ್ ಮಿಲ್ಲು, ಲಿಂಗಸುಗೂರಿನ ಗೊಬ್ಬರದ ಅಂಗಡಿ, ಮಸ್ಕಿಯ ಹತ್ತಿ ವ್ಯಾಪಾರ... ಎಲ್ಲಿ ಕೇಳಿದರೂ ಒಂದೇ ಮಾತು. "ಅದೆಲ್ಲಾ ಬೆಂಗಳೂರಿನ ಕಂಪನಿಗಳಿಗ್ರೀ ಸರ, ನಮ್ಮಂಥೋರ ಹತ್ರ ಏನೈತಿ?" ಈ ಮಾತಿಗೇ ನನ್ನ ತಕರಾರು.

2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂತಲ್ಲ, ಅದು ಅಂಗಡಿ ಸಣ್ಣದೋ ದೊಡ್ಡದೋ ಅಂತ ವಿಚಾರಿಸಲಿಲ್ಲ. ಅಪ್‌ಡೇಟ್ ಆಗದ ವಿಂಡೋಸ್ ಸಿಕ್ಕಲ್ಲೆಲ್ಲಾ ನುಗ್ಗಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು! ನಮ್ಮ ಕಡೆ ಪುಕ್ಕಟೆ ವಿಂಡೋಸ್ ಹಾಕಿಕೊಡುವ ಹುಡುಗ ಮೊದಲು ಮಾಡೋದೇ ಅಪ್‌ಡೇಟ್ ಬಂದ್ ಮಾಡೋದು. "ಆಂಟಿವೈರಸ್ ಹಾಕ್ಸೀವಲ್ರೀ" ಅಂತಾರೆ. ಕದ ತೆರೆದಿಟ್ಟು ನಾಯಿ ಸಾಕಿದ ಹಾಗೆ.

ಬಿಲ್ಲು, ಜಿಎಸ್‌ಟಿ, ರೈತರ ಬಾಕಿ ಎಲ್ಲಾ ಟ್ಯಾಲಿ ಇರುವ ಅದೊಂದೇ ಕಂಪ್ಯೂಟರಿನಲ್ಲಿ. ಬ್ಯಾಕಪ್ ಎಲ್ಲಿದೆ ಅಂದರೆ, ಅದಕ್ಕೇ ಸದಾ ಚುಚ್ಚಿಟ್ಟ ಪೆನ್‌ಡ್ರೈವ್ ತೋರಿಸುತ್ತಾರೆ. ರಾನ್ಸಮ್‌ವೇರ್ ಬಂದರೆ ಆ ಪೆನ್‌ಡ್ರೈವಿಗೂ ಸೇರಿಸಿಯೇ ಬೀಗ ಜಡಿಯುತ್ತೆ ಸ್ವಾಮಿ. ಮಸ್ಕಿಯವರಿಗಂತೂ ಇದನ್ನು ಹೇಳಬೇಕಾಗಿಯೇ ಇರಲಿಲ್ಲ. ಅಶೋಕ ತನ್ನ ಮಾತನ್ನು ಮಸ್ಕಿಯ ಬಂಡೆಯೊಂದನ್ನೇ ನಂಬಿ ಬಿಡಲಿಲ್ಲ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬ್ರಹ್ಮಗಿರಿ ಅಂತ ಬೇರೆ ಬೇರೆ ಕಡೆ ಕೊರೆಸಿಟ್ಟ. ಬ್ಯಾಕಪ್ ಅಂದ್ರೆ ಅದು :)

ಇನ್ನು ಕೆಲವು ಮೋಸಕ್ಕೆ ವೈರಸ್ಸೇ ಬೇಡ. "ನಮ್ಮ ಖಾತೆ ಬದಲಾಗಿದೆ, ಇನ್ಮುಂದೆ ದುಡ್ಡು ಇದಕ್ಕೆ ಹಾಕಿ" ಅಂತ ಪರಿಚಯದ ವ್ಯಾಪಾರಿಯ ಹೆಸರಲ್ಲಿ ಒಂದು ವಾಟ್ಸಾಪ್ ಮೆಸೇಜು ಸಾಕು. ಮೊದಲಿಂದ ನಮ್ಮ ಹತ್ತಿರ ಇದ್ದ ನಂಬರಿಗೆ ಒಂದು ಫೋನು ಮಾಡಿ ಕೇಳೋಕೆ ಏನು ಖರ್ಚು? ಮಾಲು ಕೊಳ್ಳುವಾಗ ಭತ್ತದ ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡುವ ಜನ ನಾವು, ಲಕ್ಷಾಂತರ ರೂಪಾಯಿ ಕಳಿಸುವಾಗ ಮಾತ್ರ ಏನೂ ನೋಡೋದಿಲ್ಲ! ತಿಜೋರಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಮಲಗುವ ಸಾಹುಕಾರರು ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನು ಗೋಡೆ ಕ್ಯಾಲೆಂಡರಿನ ಮೇಲೆ ಬರೆಸಿರುತ್ತಾರೆ.

ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಆದರೆ ಆಗೋದು ಬೇರೆಯೇ. ಮರ್ಯಾದೆ ಹೋಗುತ್ತೆ ಅಂತ ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಗುಮಾಸ್ತನ ಮೇಲೆ ಹಾಕೋದು. ತಿಂಗಳ ಪಗಾರಕ್ಕೆ ದುಡಿಯುವ ಆ ಹುಡುಗನಿಗೆ ಪಾಸ್‌ವರ್ಡ್, ಓಟಿಪಿ ಬರುವ ಫೋನು ಎರಡನ್ನೂ ಕೊಟ್ಟವರು ಯಾರು? ಅತ್ತ ಭತ್ತ ಹಾಕಿಹೋದ ರೈತನ ಬಾಕಿ ಅದೇ ಬೀಗ ಬಿದ್ದ ಕಂಪ್ಯೂಟರಿನಲ್ಲಿದೆ. ಅವನ ಕೈಯಲ್ಲಿರೋದು ಒಂದು ತುಂಡು ಚೀಟಿ, ಅದೂ ಇದ್ದರೆ.