ಗುಮ್ಮಟದೊಳಗಣ ಆಕಾಶ

ಬೆಳುವಾಯಿಯಿಂದ ಮೂಡಬಿದಿರೆಯನ್ನು ದಾಟಿ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ವಾಮಂಜೂರಿನ ಬಳಿ ಹೊರಳಿದರೆ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯವು ದೊರೆಯುತ್ತದೆ. 2018ರಲ್ಲಿ ತೆರೆಯಲ್ಪಟ್ಟ ಈ ಗುಮ್ಮಟದೊಳಗೆ ನಡುಹಗಲೇ ಇರುಳಾಗುತ್ತದೆ. ಗಣಕಯಂತ್ರವು ಗುಣಿಸಿ ಬರೆದ ಆಕಾಶವನ್ನು ಮಕ್ಕಳು ಬಾಯಿತೆರೆದು ನೋಡುತ್ತಾರೆ. ಈ ವಿದ್ಯೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ನಮ್ಮ ನಾಡಿನ ಕಥೆಯನ್ನೂ ಹೇಳಬೇಕೆಂಬುದೇ ನಮ್ಮ ಬಿನ್ನಹ.

ಕೃತ್ರಿಮವಾದ ಆಕಾಶವನ್ನು ರಚಿಸುವವರು ಬಣ್ಣವನ್ನು ಬಳಿಯುವುದಿಲ್ಲ. ಬೆಳಕಿನ ನಡೆಯನ್ನು ಲೆಕ್ಕ ಹಾಕುತ್ತಾರೆ. ವಾಯುವಿನ ಅಣುಗಳು ಕೆಂಪು ಕಿರಣಕ್ಕಿಂತ ನೀಲಕಿರಣವನ್ನು ನಾಲ್ಕು ಪಟ್ಟಿಗೂ ಮಿಕ್ಕು ಚದರಿಸುವುದರಿಂದ ಬಾನು ನೀಲಿಯಾಗುತ್ತದೆ. 1999ರಲ್ಲಿ ಅಮೆರಿಕದ ಯೂಟಾದಲ್ಲಿಯೂ 2012ರಲ್ಲಿ ಪ್ರಾಗ್ ನಗರದಲ್ಲಿಯೂ ವಿದ್ವಾಂಸರು ಇದಕ್ಕಾಗಿ ಒದಗಿಸಿದ ಸೂತ್ರಗಳು ಪ್ರಸಿದ್ಧವಾಗಿವೆ. ಆದರೆ ಅವು ಮುಗಿಲಿಲ್ಲದ ಆಕಾಶಕ್ಕೆ ಹೇಳಿದವು. ಆಟಿಯ ತಿಂಗಳಲ್ಲಿ ಬೆಳುವಾಯಿಯ ಗದ್ದೆಯಲ್ಲಿ ನಿಂತು ತಲೆಯೆತ್ತಿದವನಿಗೆ ಆ ಸೂತ್ರ ಎಷ್ಟು ಸಲ್ಲುವುದೆಂದು ಬಿಡಿಸಿ ಹೇಳಬೇಕಾಗಿಲ್ಲ!

ಜ್ವಾಲಾಮುಖಿಯು ಸಿಡಿದಾಗಲಂತೂ ಲೆಕ್ಕವೇ ತಲೆಕೆಳಗಾಗುತ್ತದೆ. 1883ರ ಆಗಸ್ಟ್ ತಿಂಗಳಲ್ಲಿ ಕ್ರಕಟೋವಾ ಪರ್ವತವು ಸಿಡಿಯಿತು. ಸೆಪ್ಟೆಂಬರಿನಲ್ಲಿ ಸಿಂಹಳದಲ್ಲಿಯೂ ಮದರಾಸಿನಲ್ಲಿಯೂ ಜನರು ಹಸಿರಾದ ಸೂರ್ಯನನ್ನು ಕಂಡರು. ಗಾಳಿಯಲ್ಲಿ ತೇಲುವ ಕಣಗಳು ಬೆಳಕಿನ ಅಲೆಗೆ ಸರಿಸಮಾನವಾದ ಗಾತ್ರದವಾದರೆ ಕೆಂಪೇ ಹೆಚ್ಚಾಗಿ ಚದರಬಲ್ಲುದು. ಕಣದ ಅಳತೆಯನ್ನು ಮರೆತು ಕಣ್ಣಿಗೆ ಹಿತವಾಗಲೆಂದು ಬಾನನ್ನು ಕೆಂಪಾಗಿಸಿದ ಚಿತ್ರವು ಸುಂದರವಾಗಿರಬಹುದು, ಪಾಠವಾಗಲಾರದು.

ಜ್ವಾಲಾಮುಖಿಯೆಂದರೆ ದೂರದೇಶದ ಮಾತೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳು ಮತ್ತೇನು? ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಹೊರಬಂದ ಲಾವಾರಸವು ಆರುತ್ತ ಕುಗ್ಗಿ, ಬಿರಿದು, ಕಡೆದ ಕಂಬಗಳಂತೆ ನಿಂತಿತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ಆ ಶಿಲೆಗಳಿಗುಂಟು. ಸಾವಿರಕಂಬದ ಬಸದಿಯನ್ನು ಕಟ್ಟಿದ ಸೀಮೆಯವರಾದ ನಮಗೆ ಈ ಕಂಬಗಳ ಕಥೆ ತಿಳಿಯದಿರುವುದು ಲಜ್ಜೆಯ ಸಂಗತಿ. ಜನವಾರ್ತೆಯಲ್ಲಿ ಅವು ಬಸಾಲ್ಟ್ ಶಿಲೆಗಳು. ಪರೀಕ್ಷಿಸಿದ ವಿಜ್ಞಾನಿಗಳು ಅವನ್ನು ಸಿಲಿಕಾ ಅಧಿಕವಾದ ಬೇರೆಯ ಜಾತಿಗೆ ಸೇರಿಸಿದ್ದಾರೆ. ಈ ಭೇದವು ಚಿತ್ರಕಾರನಿಗೂ ಮುಖ್ಯವಾದುದೇ. ಸಿಲಿಕಾ ಹೆಚ್ಚಿದಷ್ಟೂ ಲಾವಾರಸವು ಮಂದವಾಗುತ್ತದೆ. ಅದನ್ನು ಹವಾಯಿಯ ಲಾವಾರಸದಂತೆ ಹೊಳೆಯಾಗಿ ಹರಿಸಿದರೆ ಸುಳ್ಳಾದೀತು.

ಆದುದರಿಂದ ಈ ದ್ವೀಪಗಳು ಹುಟ್ಟಿದ ಬಗೆಯನ್ನು ಪಿಲಿಕುಳದ ಗುಮ್ಮಟದಲ್ಲಿ ಕನ್ನಡದ ವಿವರಣೆಯೊಡನೆ, ಸಾಧ್ಯವಾದರೆ ತುಳುವಿನಲ್ಲಿಯೂ, ತೋರಿಸತಕ್ಕದ್ದು. ಮೂಡಬಿದಿರೆ, ನಿಟ್ಟೆ, ಸುರತ್ಕಲ್ಲುಗಳಲ್ಲಿ ಎಂಜಿನಿಯರಿಂಗ್ ಕಲಿಯುವ ತರುಣರಿಗೆ ಈ ಕೆಲಸವನ್ನು ವಹಿಸಲಿ. ಭೂವಿಜ್ಞಾನಿಗಳು ಪಕ್ಕದಲ್ಲಿ ಕುಳಿತು ತಿದ್ದಲಿ. ಬಂಡೆಯಿಂದ ತಿಳಿದುದೆಷ್ಟು, ಊಹಿಸಿದುದೆಷ್ಟು ಎಂಬುದನ್ನು ಪ್ರದರ್ಶನದಲ್ಲಿಯೇ ಒಡೆದು ಹೇಳಲಿ. ಮಾತನ್ನು ಶಂಕಿಸುವ ಮಗುವೂ ಕಣ್ಣಾರೆ ಕಂಡುದನ್ನು ಶಂಕಿಸದು. ನಮ್ಮ ಭಯವೆಲ್ಲ ಅಲ್ಲಿಯೇ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಶಾಲೆಗಳನ್ನು ಪಿಲಿಕುಳಕ್ಕೆ ಕರೆಯಿಸಿ ಇದನ್ನು ತೋರಿಸಬಹುದು. ದೋಣಿಗಳು ಮತ್ತೆ ಹೊರಟಾಗ ಅದೇ ಮಕ್ಕಳನ್ನು ಆ ಕಂಬಗಳ ಮುಂದೆ ನಿಲ್ಲಿಸಬಹುದು.