ಬೀಗ ಹಾಕುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

“ಮನೆ ನನ್ನದು. ವಕೀಲರ ಕೈಲಿ ನೋಟೀಸು ಕೊಡಿಸಿದ್ದೇನೆ. ಗಡುವು ಮುಗಿದಿದೆ. ನನ್ನ ಮನೆಗೆ ನಾನು ಬೀಗ ಜಡಿದರೆ ನಿಮಗೇನು ಸ್ವಾಮಿ?”

ನಮ್ಮ ಪಾರ್ಟಿ ಕಚೇರಿಯ ಬೆಂಚಿನ ಮೇಲೆ ಕುಳಿತು ಒಬ್ಬ ವಠಾರದ ಮಾಲೀಕರು ನನಗೆ ಹಾಕಿದ ಪ್ರಶ್ನೆ ಇದು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಅವರ ಬಾಡಿಗೆದಾರ, ನೂಲಿನ ಗಿರಣಿಯ ಕೆಲಸಗಾರ, ತಲೆ ತಗ್ಗಿಸಿ ಕುಳಿತಿದ್ದ. ಒಂದು ದಿನ ರಾತ್ರಿ ಪಾಳಿ ಮುಗಿಸಿ ಬಂದರೆ ಮನೆಯ ನಲ್ಲಿ ಬಂದಾಗಿತ್ತು, ಫ್ಯೂಜು ಕಿತ್ತಿತ್ತು. ಎರಡು ದಿನ ಬಿಟ್ಟು ಬಾಗಿಲಿಗೆ ಹೊಸ ಬೀಗ. ಹೆಂಡತಿ ಮಕ್ಕಳು ಪಾತ್ರೆ ಪಡಗದ ಜೊತೆ ಜಗಲಿಯ ಮೇಲೆ.

ಆ ಮಹಾಶಯರಿಗೆ ಅಂದು ಬಾಯಲ್ಲಿ ಹೇಳಿದ ಉತ್ತರವನ್ನು ಇಲ್ಲಿ ಬರೆದೂ ಹೇಳುತ್ತೇನೆ. ಹೀಗೆ ಕೇಳುವವರು ಊರಿನಲ್ಲಿ ಅವರೊಬ್ಬರೇ ಅಲ್ಲ.

ನೋಟೀಸು ಎಂದರೆ ತೀರ್ಪಲ್ಲ. ಅದು ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೆ ಮೊದಲ ಕಾಗದ, ಅಷ್ಟೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ನೋಟೀಸು ಕೊಡಬೇಕು. ಅದು ಬರಹದಲ್ಲಿರಬೇಕು, ರುಜು ಇರಬೇಕು, ಅಂಚೆಯಲ್ಲೋ ಕೈಯಲ್ಲೋ ಮುಟ್ಟಬೇಕು. ಗಡುವು ಮುಗಿದ ಮೇಲೂ ಬಾಡಿಗೆದಾರ ಬಿಡದಿದ್ದರೆ ಮಾಲೀಕ ದಾವಾ ಹೂಡಬೇಕು, ಡಿಕ್ರಿ ಪಡೆಯಬೇಕು, ಕೋರ್ಟಿನ ಅಮೀನ ಬಂದು ಸ್ವಾಧೀನ ಕೊಡಿಸಬೇಕು. ಬೀಗ ಒಡೆಸುವ ಅಧಿಕಾರ ಆ ಅಮೀನನಿಗುಂಟು. ಮಾಲೀಕನಿಗಿಲ್ಲ, ಅವನ ಭಾವಮೈದುನನಿಗಿಲ್ಲ, ಬಾಡಿಗೆಗೆ ಕರೆತಂದ ರೌಡಿಗಂತೂ ಇಲ್ಲವೇ ಇಲ್ಲ.

ಇದು ಸಮಾಜವಾದಿಗಳು ಹುಟ್ಟುಹಾಕಿದ ಮಾತೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ, 1924ರಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲು ಮಿದ್ನಾಪುರದ ಒಂದು ಜಮೀನ್ದಾರಿ ಕಂಪನಿಯ ಮೊಕದ್ದಮೆಯಲ್ಲಿ ಇದನ್ನೇ ಹೇಳಿತ್ತು: ಹಿಂದೂಸ್ಥಾನದಲ್ಲಿ ಯಾರೂ ಬಲದಿಂದ ಸ್ವಾಧೀನ ಪಡೆಯುವಂತಿಲ್ಲ, ಹಕ್ಕಿದ್ದವರು ಕೋರ್ಟಿನ ಮೂಲಕ ಪಡೆಯಲಿ. ಜಮೀನ್ದಾರರ ಗೆಳೆಯರೇ ಕುಳಿತಿದ್ದ ಪೀಠ ಅದು! ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 1989ರಲ್ಲಿ ಇನ್ನೂ ಬಿಡಿಸಿ ಹೇಳಿತು: ಇರುವ ಹಕ್ಕೇ ಮುಗಿದುಹೋಗಿದೆ ಎಂದು ಒಪ್ಪಿಕೊಂಡರೂ, ನೆಲೆಯಾಗಿ ಸ್ವಾಧೀನದಲ್ಲಿರುವವನನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ. 2003ರಲ್ಲಿ ನಮ್ಮ ಕರ್ನಾಟಕದಿಂದ ಹೋದ ರಾಮೇಗೌಡರ ಮೊಕದ್ದಮೆಯಲ್ಲಿ ಮತ್ತೆ ಅದೇ ಮಾತು. ಇಷ್ಟು ಸಲ ಹೇಳಿದರೂ ನಮ್ಮ ವಠಾರದ ಒಡೆಯರ ಕಿವಿಗೆ ಬಿದ್ದಿಲ್ಲವೆಂದರೆ, ಅದು ಕಿವಿಯ ದೋಷವಲ್ಲ.

ನಲ್ಲಿ, ದೀಪದ ಮಾತಿಗೆ ಬರೋಣ. ಬೀಗ ಹಾಕಿದರೆ ಗಲಾಟೆಯಾದೀತೆಂದು ಹೆದರುವ ಜಾಣರು ಹಿಡಿಯುವ ದಾರಿ ಇದು. ಮೋಟಾರು ಕೆಟ್ಟಿದೆ ಎನ್ನುತ್ತಾರೆ, ಕಕ್ಕಸಿನ ಬಾಗಿಲು ಕಿತ್ತು ರಿಪೇರಿ ಎನ್ನುತ್ತಾರೆ, ಮಳೆಗಾಲದಲ್ಲೇ ಹೆಂಚು ಇಳಿಸುತ್ತಾರೆ. ಎಲ್ಲವೂ ಒಂದೇ ಬಾಡಿಗೆದಾರನ ಭಾಗಕ್ಕೆ! ವಿದ್ಯುತ್ತು ಮೂಲ ಸೌಕರ್ಯ, ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ನೆಪದಲ್ಲಿ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಡಿಕ್ರಿಯಾಗಿ ಸ್ವಾಧೀನ ಬರುವ ದಿನದವರೆಗೆ ಮಾಲೀಕ ಮಾಲೀಕನೇ. ಮನೆಯಲ್ಲಿ ವಾಸವಿರುವ ಮನುಷ್ಯರ ನೀರು, ಬೆಳಕನ್ನು ಅವನು ಮುಟ್ಟಬಾರದು. ದಾವೆಯಲ್ಲಿ ಅಕ್ರಮ ವಾಸದ ನಷ್ಟಪರಿಹಾರ ಕೇಳಲು ಅವನಿಗೆ ಅವಕಾಶವಿದೆ. ಕೇಳಲಿ. ಮಕ್ಕಳ ಕುಡಿಯುವ ನೀರಿನಿಂದ ಅದನ್ನು ವಸೂಲು ಮಾಡುವುದು ಬೇಡ.

ಹೊರದೂಡಲ್ಪಟ್ಟವರು ಒಂದು ಸಂಗತಿಯನ್ನು ಗಂಟು ಕಟ್ಟಿ ಇಟ್ಟುಕೊಳ್ಳಬೇಕು. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮು. ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮವಿಲ್ಲದೆ ಹೊರಹಾಕಿದ್ದರೆ ಆರು ತಿಂಗಳೊಳಗೆ ದಾವಾ ಹೂಡಿ ಸ್ವಾಧೀನ ಮರಳಿ ಪಡೆಯಬಹುದು, ಎದುರಿಗಿರುವವನು ಸಾಕ್ಷಾತ್ ಮನೆಯ ಒಡೆಯನೇ ಆಗಿದ್ದರೂ ಸರಿ. ಆರು ತಿಂಗಳು ಮೀರಿದರೆ ಈ ದಾರಿ ಮುಚ್ಚಿತು. ಸಂಬಂಧಿಕರ ಮನೆಯ ಪಡಸಾಲೆಯಲ್ಲಿ ಮಲಗಿ “ಹೇಗೋ ಆಗುತ್ತೆ” ಎಂದು ಕಾದು ಕುಳಿತ ಎಷ್ಟೋ ಕೆಲಸಗಾರರು ಈ ಗಡುವನ್ನು ಕಳೆದುಕೊಂಡಿದ್ದಾರೆ.

ಇನ್ನು ಮುಂಗಡದ ಕಥೆ. ಬಾಡಿಗೆದಾರ ಏಕೆ ಬಿಡುವುದಿಲ್ಲ? ಹತ್ತರಲ್ಲಿ ಅರ್ಧ ಮಂದಿಯನ್ನು ಕೇಳಿ ನೋಡಿ, ಉತ್ತರ ಒಂದೇ: “ಅಡ್ವಾನ್ಸು ಕೊಡಲಿ ಸ್ವಾಮಿ, ಈಗಲೇ ಗಂಟು ಕಟ್ಟುತ್ತೇನೆ.” ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಸಿದುಕೊಂಡು ಅದನ್ನು ಮಗಳ ಮದುವೆಗೋ ಮೇಲಿನ ಮಹಡಿಗೋ ಹಾಕಿ ಕರಗಿಸಿದ ಮಾಲೀಕ, ಹಳೆಯವನ ಹಣ ತೀರಿಸಲು ಹೊಸಬನ ಮುಂಗಡಕ್ಕೆ ಕಾಯುತ್ತಾನೆ. ಹೊಸಬ ಬರಬೇಕಾದರೆ ಹಳಬ ಮೊದಲು ಹೋಗಬೇಕು. ಹಳಬ ಹೋಗಬೇಕಾದರೆ ಹಣ ಕೈಗೆ ಬರಬೇಕು. ಈ ಗಂಟನ್ನು ಕಟ್ಟಿದವನು ಬಾಡಿಗೆದಾರನೇ? ನಮ್ಮ ಬೆಂಚಿನ ಮೇಲಿದ್ದ ಮಾಲೀಕರ ನೋಟೀಸನ್ನು ನಾನು ಎರಡು ಸಲ ಓದಿದೆ. ಮುಂಗಡದ ಬಗ್ಗೆ ಅದರಲ್ಲಿ ಒಂದಕ್ಷರವಿರಲಿಲ್ಲ.

ಸಣ್ಣ ಅಂಗಡಿಯವರೂ ಕೇಳಿ. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು, 1961ರ ಹಳೆಯ ಕಾಯಿದೆ ಹೋಯಿತು. ಹೊಸ ಕಾಯಿದೆ ಅನ್ವಯಿಸುವ ಊರುಗಳಲ್ಲಿ 14 ಚದರ ಮೀಟರಿಗೆ, ಎಂದರೆ ಸುಮಾರು 150 ಚದರಡಿಗೆ, ಮೀರದ ಅಂಗಡಿಗೆ ಅದರ ರಕ್ಷಣೆ ಉಂಟು. ಕಾಯಿದೆ ಹೇಳಿದ ಕಾರಣವಿಲ್ಲದೆ ಬಿಡಿಸುವಂತಿಲ್ಲ. ಬೀಡಾ ಅಂಗಡಿ, ದರ್ಜಿ ಅಂಗಡಿಯವರು ಇಂದೇ ಟೇಪು ಹಿಡಿದು ಅಳೆಯಿರಿ. ಆದರೆ ವಾಸದ ಮನೆಗೆ ಆ ಕಾಯಿದೆ ಇಟ್ಟ ಬಾಡಿಗೆಯ ಮಿತಿ ಎಷ್ಟು ಗೊತ್ತೆ? ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000. ಇಂದು ಈ ಬಾಡಿಗೆಗೆ ಒಂದು ಕೋಣೆಯಾದರೂ ಸಿಕ್ಕೀತೆ? ಕಾಯಿದೆ ಪುಸ್ತಕದಲ್ಲಿದೆ, ಬಾಡಿಗೆ ಅದರ ತಲೆಯ ಮೇಲಿಂದ ಹಾರಿಹೋಗಿದೆ. ಹಳ್ಳಿಯ ಗೇಣಿದಾರನಿಗೆ 1951ರ ಕಾಗೋಡು ಸತ್ಯಾಗ್ರಹದಿಂದ 1974ರ ಭೂಸುಧಾರಣೆಯವರೆಗಿನ ಹೋರಾಟ ಹೊಲವನ್ನು ಕೊಡಿಸಿತು. ಪಟ್ಟಣದ ಬಾಡಿಗೆದಾರನ ಪಾಲಿಗೆ ಉಳಿದಿರುವುದು ಹದಿನೈದು ದಿನಗಳ ನೋಟೀಸು, ಅದರಾಚೆಗೆ ಕೋರ್ಟು. ಆ ಕೋರ್ಟನ್ನೂ ದಾಟಿ ಬೀಗ ಹಿಡಿದು ಬರುತ್ತಾರೆ ಈ ಮಹನೀಯರು.

ಬಾಡಿಗೆ ಕೊಡದೆ ವರ್ಷಗಟ್ಟಲೆ ಕೂರುವವನ ಪರವಾಗಿ ನಾನು ವಕಾಲತ್ತು ಹಾಕುತ್ತಿಲ್ಲ. ಒಂದೇ ಕೋಣೆ ಬಾಡಿಗೆಗೆ ಕೊಟ್ಟು ಅದರಲ್ಲಿ ಗಂಜಿ ಕುಡಿಯುವ ವಿಧವೆಯರು ನಮ್ಮ ಓಣಿಗಳಲ್ಲೇ ಇದ್ದಾರೆ. ಅವರಿಗೆ ಬಾಕಿ ನಿಲ್ಲಿಸಿ ಕಾನೂನು ಮಾತಾಡುವವನಿಗೆ ಈ ಕಚೇರಿಯ ಬಾಗಿಲು ತೆರೆಯುವುದಿಲ್ಲ. ಕೋರ್ಟು ನಿಧಾನ ಎಂಬ ಆ ತಾಯಂದಿರ ದೂರೂ ನಿಜವೇ. ನ್ಯಾಯಾಧೀಶರ ಖಾಲಿ ಹುದ್ದೆ ತುಂಬಿ ಎಂದು ಸರ್ಕಾರವನ್ನು ಕೇಳೋಣ, ಅವರ ಜೊತೆ ನಾವೂ ನಿಲ್ಲುತ್ತೇವೆ. ಆದರೆ ಹನ್ನೆರಡು ಮನೆಗಳ ವಠಾರದ ಒಡೆಯರು ಆ ವಿಧವೆಯ ಸೆರಗಿನ ಹಿಂದೆ ಅಡಗುವುದನ್ನು ಮೊದಲು ಬಿಡಲಿ.

ಆ ದಿನ ಸಂಜೆ ಏಳು ಗಂಟೆಗೆ ಬೀಗ ತೆರೆಯಿತು. ಮುಂಗಡ ಎರಡು ಕಂತಿನಲ್ಲಿ ಕೊಡುವುದು, ಎರಡನೇ ಕಂತಿನ ದಿನ ಮನೆ ಬಿಡುವುದು ಎಂದು ಇಬ್ಬರೂ ಕಾಗದದ ಮೇಲೆ ರುಜು ಹಾಕಿದರು. ಮೊದಲ ಕಂತು ಬಂದಿದೆ. ಎರಡನೆಯದಕ್ಕೆ ಕಾಯುತ್ತಿದ್ದೇವೆ.

ನೋಟೀಸು ಬಂದವರು ಭಾನುವಾರ ಬೆಳಿಗ್ಗೆ ಕಚೇರಿಗೆ ಬನ್ನಿ. ಕರಾರು ಪತ್ರ, ಬಾಡಿಗೆ ರಸೀದಿ, ನೋಟೀಸು ಬಂದ ಲಕೋಟೆ, ಮೂರನ್ನೂ ತನ್ನಿ. ಲಕೋಟೆಯನ್ನು ಒಲೆಗೆ ಹಾಕಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ.