ಯುರೋಪಿನ ಸಾರಿಗೆ ಸಂಶೋಧನಾ ಅನುದಾನ

ಯುರೋಪಿನ ಸಾರಿಗೆ ಸಂಶೋಧನಾ ಅನುದಾನವು ರಸ್ತೆ, ರೈಲು, ವಿಮಾನ ಮತ್ತು ಜಲಸಾರಿಗೆಗಳ ಸಂಶೋಧನೆಗಾಗಿ ಐರೋಪ್ಯ ಒಕ್ಕೂಟವು ಸ್ಪರ್ಧೆಯ ಮೂಲಕ ನೀಡುವ ಆರ್ಥಿಕ ನೆರವು. ಇದರ ಪ್ರಧಾನ ಮೂಲವು 2021–2027ರ ಅವಧಿಯ 'ಹೊರೈಜನ್ ಯುರೋಪ್' ಕಾರ್ಯಕ್ರಮವಾಗಿದೆ. ಆರಂಭದಲ್ಲಿ ಅದರ ಒಟ್ಟು ಮೊತ್ತ ಸುಮಾರು 9,550 ಕೋಟಿ ಯೂರೋ ಆಗಿತ್ತು. ಇದರಲ್ಲಿ ಸುಮಾರು 1,500 ಕೋಟಿ ಯೂರೋಗಳನ್ನು ಹವಾಮಾನ, ಇಂಧನ ಮತ್ತು ಸಂಚಾರ ವಿಭಾಗಕ್ಕೆ ಮೀಸಲಿಡಲಾಗಿದೆ. ಹೆದ್ದಾರಿ, ರೈಲುಮಾರ್ಗಗಳ ನಿರ್ಮಾಣಕ್ಕೆ 'ಕನೆಕ್ಟಿಂಗ್ ಯುರೋಪ್ ಫೆಸಿಲಿಟಿ' ಎಂಬ ಪ್ರತ್ಯೇಕ ನಿಧಿಯಿದೆ.

ಹಿನ್ನೆಲೆ

ಒಕ್ಕೂಟದ ಹಸಿರುಮನೆ ಅನಿಲಗಳ ಹೊರಸೂಸುವಿಕೆಯಲ್ಲಿ ಸಾರಿಗೆಯ ಪಾಲು ಸುಮಾರು ಕಾಲುಭಾಗ. 1990ರ ಮಟ್ಟಕ್ಕೆ ಹೋಲಿಸಿದರೆ 2050ರೊಳಗೆ ಇದನ್ನು ಶೇ. 90ರಷ್ಟು ತಗ್ಗಿಸುವುದು ಘೋಷಿತ ಗುರಿ. ಆದ್ದರಿಂದ ಸಂಶೋಧನಾ ವಿಷಯಗಳೂ ಬಹುಮಟ್ಟಿಗೆ ಈ ಗುರಿಯನ್ನೇ ಅನುಸರಿಸುತ್ತವೆ.

ಅರ್ಜಿ ಮತ್ತು ಮೌಲ್ಯಮಾಪನ

ಸಾಮಾನ್ಯವಾಗಿ ಮೂರು ಬೇರೆ ಬೇರೆ ದೇಶಗಳ ಕನಿಷ್ಠ ಮೂರು ಸ್ವತಂತ್ರ ಸಂಸ್ಥೆಗಳು ಜೊತೆಗೂಡಿ ಅರ್ಜಿ ಸಲ್ಲಿಸಬೇಕು. ಈ ದೇಶಗಳು ಒಕ್ಕೂಟದ ಸದಸ್ಯ ರಾಷ್ಟ್ರಗಳು ಅಥವಾ ಕಾರ್ಯಕ್ರಮದ ಸಹ-ರಾಷ್ಟ್ರಗಳಾಗಿರಬೇಕು. ಒಂದಾದರೂ ಸದಸ್ಯ ರಾಷ್ಟ್ರವಿರಬೇಕು. ಸ್ವತಂತ್ರ ತಜ್ಞರು ಉತ್ಕೃಷ್ಟತೆ, ಪರಿಣಾಮ ಹಾಗೂ ಅನುಷ್ಠಾನದ ಗುಣಮಟ್ಟ ಎಂಬ ಮೂರು ಮಾನದಂಡಗಳಿಗೆ ತಲಾ 5 ಅಂಕಗಳಂತೆ ಮೌಲ್ಯಮಾಪನ ಮಾಡುತ್ತಾರೆ. ಸಾಮಾನ್ಯವಾಗಿ ಪ್ರತಿಯೊಂದರಲ್ಲೂ 3, ಒಟ್ಟಾರೆ 10 ಅಂಕ ಕನಿಷ್ಠ ಅರ್ಹತೆ. ಸಂಶೋಧನಾ ಯೋಜನೆಗಳಿಗೆ ಅರ್ಹ ವೆಚ್ಚದ ಶೇ. 100ರಷ್ಟು ಅನುದಾನ ಸಿಗುತ್ತದೆ. ಮಾರುಕಟ್ಟೆಗೆ ಹತ್ತಿರವಾದ ನಾವೀನ್ಯ ಯೋಜನೆಗಳಲ್ಲಿ ಲಾಭದ ಉದ್ದೇಶವುಳ್ಳ ಸಂಸ್ಥೆಗಳಿಗೆ ದೊರೆಯುವುದು ಗರಿಷ್ಠ ಶೇ. 70 ಮಾತ್ರ.

ಸಮಸ್ಯೆಗಳು

ಕನಿಷ್ಠ ಅಂಕ ಪಡೆದ ಮಾತ್ರಕ್ಕೆ ಹಣ ದೊರೆಯುವುದಿಲ್ಲ. ಹಿಂದಿನ 'ಹೊರೈಜನ್ 2020' (2014–2020) ಕಾರ್ಯಕ್ರಮದಲ್ಲಿ ಒಟ್ಟಾರೆ ಸುಮಾರು ಶೇ. 12ರಷ್ಟು ಅರ್ಜಿಗಳು ಮಾತ್ರ ಯಶಸ್ವಿಯಾದವು. ಉತ್ತಮ ಗುಣಮಟ್ಟದವೆಂದು ಪರಿಗಣಿತವಾದ ಅನೇಕ ಪ್ರಸ್ತಾವನೆಗಳೂ ಹಣವಿಲ್ಲದೆ ಉಳಿದವು. ತಿರಸ್ಕೃತ ಅರ್ಜಿಯನ್ನು ಸಿದ್ಧಪಡಿಸಲು ತಗುಲಿದ ಶ್ರಮ ಮತ್ತು ವೆಚ್ಚವನ್ನು ಅರ್ಜಿದಾರರೇ ಭರಿಸಬೇಕಾಗುತ್ತದೆ. ಪ್ರತ್ಯೇಕ ಅನುದಾನ ವಿಭಾಗವನ್ನು ಹೊಂದಿರುವ ದೊಡ್ಡ ವಿಶ್ವವಿದ್ಯಾಲಯ ಈ ನಷ್ಟವನ್ನು ತಾಳಿಕೊಳ್ಳಬಲ್ಲದು. ಸಣ್ಣ ಪಟ್ಟಣದ ಬಸ್ ಸಂಸ್ಥೆಗೆ ಅದು ಕಷ್ಟ. ಹಳೆಯ ಸಹಭಾಗಿಗಳ ಪರಿಚಯವಿರುವವರಿಗೆ ಹೊಸ ತಂಡ ಕಟ್ಟುವುದೂ ಸುಲಭ. 2004ರಿಂದೀಚೆಗೆ ಒಕ್ಕೂಟ ಸೇರಿದ 13 ರಾಷ್ಟ್ರಗಳಿಗೆ 'ಹೊರೈಜನ್ 2020'ರಲ್ಲಿ ಸಂದದ್ದು ಸುಮಾರು ಶೇ. 5ರಷ್ಟು ಹಣ ಮಾತ್ರ. ಹೀಗಾಗಿ ಸಾರಿಗೆ ಸೌಲಭ್ಯ ದುರ್ಬಲವಾಗಿರುವ ಪ್ರದೇಶಗಳೇ ಸಂಶೋಧನೆಯಿಂದಲೂ ದೂರ ಉಳಿಯುವ ಅಪಾಯವಿದೆ.

ಸುಧಾರಣೆಗಳು

ಕೆಲವು ವಿಷಯಗಳಲ್ಲಿ ಮೊದಲು ಸಂಕ್ಷಿಪ್ತ ಪ್ರಸ್ತಾವನೆಯನ್ನು ಮಾತ್ರ ಕೇಳುವ ಎರಡು ಹಂತದ ಆಯ್ಕೆ ಜಾರಿಯಲ್ಲಿದೆ. ಖರ್ಚಿನ ವಿವರವಾದ ಲೆಕ್ಕಕ್ಕೆ ಬದಲಾಗಿ ಪೂರ್ಣಗೊಂಡ ಕೆಲಸಕ್ಕೆ ನಿಗದಿತ ಮೊತ್ತ ನೀಡುವ ಪದ್ಧತಿಯೂ ವಿಸ್ತರಿಸುತ್ತಿದೆ. ಇದರಿಂದ ಲೆಕ್ಕಪರಿಶೋಧನೆಯ ಹೊರೆ ತಗ್ಗಿದರೂ, ಅರ್ಜಿಯ ಹಂತದಲ್ಲಿ ಆಯವ್ಯಯವನ್ನು ಹೆಚ್ಚು ವಿವರವಾಗಿ ರೂಪಿಸಬೇಕಾಗುತ್ತದೆ. 2025ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ 2028–2034ರ ಕಾರ್ಯಕ್ರಮಕ್ಕೆ 17,500 ಕೋಟಿ ಯೂರೋಗಳನ್ನು ಪ್ರಸ್ತಾಪಿಸಿತು. ಮೊತ್ತ ಹೆಚ್ಚಿದರೆ ಯಶಸ್ಸಿನ ಪ್ರಮಾಣ ಏರಬಹುದು. ಆದರೆ ಅರ್ಜಿ ಸಲ್ಲಿಸುವ ಸಾಮರ್ಥ್ಯದಲ್ಲಿನ ಅಸಮಾನತೆ ಅದರಿಂದಲೇ ನಿವಾರಣೆಯಾಗದು.

ಭಾರತೀಯ ಸಂಸ್ಥೆಗಳು

ಭಾರತದ ಸಂಸ್ಥೆಗಳು 'ಹೊರೈಜನ್ ಯುರೋಪ್' ಯೋಜನೆಗಳಲ್ಲಿ ಸಹಭಾಗಿಗಳಾಗಬಹುದು. ಆದರೆ ಭಾರತವು ಸ್ವಯಂಚಾಲಿತವಾಗಿ ಹಣಕ್ಕೆ ಅರ್ಹವಾದ ರಾಷ್ಟ್ರಗಳ ಪಟ್ಟಿಯಲ್ಲಿಲ್ಲದ ಕಾರಣ, ವಿಶೇಷ ಅವಕಾಶವಿಲ್ಲದಿದ್ದರೆ ಅವು ತಮ್ಮ ವೆಚ್ಚವನ್ನು ಬೇರೆ ಮೂಲಗಳಿಂದ ಭರಿಸಬೇಕಾಗುತ್ತದೆ.